ಒಂದು ಲಾಟ್, ನಲವತ್ತು ಚೀಟಿ: ಎಸ್‌ಕ್ಯೂಎಲ್‌ನಲ್ಲಿ ಎಣಿಕೆಯಷ್ಟು ಸಾಲು ಮಾಡುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ಶ್ರೀನಿವಾಸಪುರದ ಹತ್ತಿರ ಮಾವಿನ ಹಣ್ಣು ಪ್ಯಾಕ್ ಮಾಡಿ ಕಳಿಸುವ ಒಂದು ಶೆಡ್ ಇದೆ. ಅವರ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟವನು ನಾನೇ. ಮೊದಲ ದಿನ ಪ್ರಿಂಟರ್ ಆನ್ ಮಾಡಿ, 40 ಬಾಕ್ಸ್ ಇದ್ದ ಒಂದು ಲಾಟ್‌ಗೆ (ಒಟ್ಟಿಗೆ ಬಂದ ಸರಕಿಗೆ) ಲೇಬಲ್ ಕೊಡು ಅಂದರೆ ಒಂದೇ ಒಂದು ಲೇಬಲ್ ಹೊರಗೆ ಬಂತು. ಯಜಮಾನರು ಅದನ್ನು ಕೈಯಲ್ಲಿ ಹಿಡಿದು, "ಏನಪ್ಪಾ, ನಲವತ್ತು ಬಾಕ್ಸ್‌ಗೆ ಒಂದು ಚೀಟಿ ಕೊಟ್ಟಿದ್ದೀಯ, ಹರಿದು ಹಂಚ್ಲಾ?" ಅಂದರು. ಅವತ್ತಿನಿಂದ ಈ ವಿಷಯ ನನ್ನ ಹಿಂದೆ ಬಿದ್ದಿದೆ. ಕೋಲಾರದಲ್ಲಿ ನನ್ನ ಹತ್ತಿರ ಕೆಲಸ ಕಲಿಯಲು ಬರುವ ಹುಡುಗರು, ಮಂಡಿಗಳಿಗೆ ಸಾಫ್ಟ್‌ವೇರ್ ಮಾಡುವ ಗೆಳೆಯರು ಎಲ್ಲರೂ ಒಂದಲ್ಲ ಒಂದು ರೂಪದಲ್ಲಿ ಇದನ್ನೇ ಕೇಳುತ್ತಾರೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಒಂದು ಮಾತು. ಎಸ್‌ಕ್ಯೂಎಲ್ ಅಂದರೆ ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ, ಆ ಪ್ರಶ್ನೆಯೇ ಕ್ವೆರಿ. ಓದಲು ಸುಲಭವಾಗಲಿ ಅಂತ ಕ್ವೆರಿಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಕಂಪ್ಯೂಟರ್‌ನಲ್ಲಿ ಸೆಲೆಕ್ಟ್, ಫ್ರಮ್, ಜಾಯಿನ್ ಇವನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಸಮಸ್ಯೆ ಏನು ಅಂತ ಮೊದಲು ಹೇಳಿ.

'ಲಾಟ್' ಅಂತ ಒಂದು ಟೇಬಲ್ ಇದೆ ಅಂದುಕೊಳ್ಳಿ. ಅದರಲ್ಲಿ ನಾಲ್ಕು ಸಾಲು:

101 – ಬಾದಾಮಿ – 4 ಬಾಕ್ಸ್
102 – ರಸಪುರಿ – 2 ಬಾಕ್ಸ್
103 – ಮಲ್ಲಿಕಾ – 0 ಬಾಕ್ಸ್
104 – ಸೇಂದೂರ – (ಖಾಲಿ, ಅಂದರೆ ನಲ್)

ನಮಗೆ ಬೇಕಾಗಿರುವುದು ಬಾಕ್ಸ್‌ಗೊಂದು ಸಾಲು. 101 ನಾಲ್ಕು ಸಲ ಬರಬೇಕು, 102 ಎರಡು ಸಲ. ಒಟ್ಟು ಆರು ಸಾಲು, ಆರು ಲೇಬಲ್. 103ನೇ ಲಾಟ್‌ನ ಹಣ್ಣು ಇನ್ನೂ ಬಂದಿಲ್ಲ. 104ರಲ್ಲಿ ಎಷ್ಟಿದೆ ಅಂತ ಯಾರೂ ಬರೆದೇ ಇಲ್ಲ. ಅವೆರಡು ಏನಾಗಬೇಕು ಅನ್ನುವುದನ್ನು ಆಮೇಲೆ ನೋಡೋಣ. ತೊಂದರೆ ಕೊಡುವುದು ಅವೇ.

ಒಂದು ಲೂಪ್ ಹಾಕಿ ಪ್ರತಿ ಸಲ ಇನ್ಸರ್ಟ್ ಮಾಡಿದರೆ ಆಗಲ್ವಾ?

ಆಗುತ್ತೆ. ನಾನೂ ಮೊದಲು ಹಾಗೇ ಮಾಡಿದ್ದೆ. ಒಂದು ಲಾಟ್ ತಗೋ, ಬಾಕ್ಸ್ ಎಷ್ಟಿದೆ ನೋಡು, ಅಷ್ಟು ಸಲ ಸುತ್ತು, ಪ್ರತಿ ಸುತ್ತಿಗೂ ಒಂದು ಇನ್ಸರ್ಟ್ (ಹೊಸ ಸಾಲು ಸೇರಿಸುವ ಆಜ್ಞೆ). ಮೇ ತಿಂಗಳಲ್ಲಿ, ಹಣ್ಣು ಇನ್ನೂ ಕಡಿಮೆ ಇದ್ದಾಗ, ಚೆನ್ನಾಗಿಯೇ ನಡೆಯಿತು. ಜೂನ್‌ನಲ್ಲಿ ಲೋಡ್ ಮೇಲೆ ಲೋಡ್ ಬರುವಾಗ ಬಟನ್ ಒತ್ತಿ ಟೀ ಕುಡಿದು ಬರುವಷ್ಟು ಹೊತ್ತು ಹಿಡಿಯಿತು. ಸಾವಿರಾರು ಸಣ್ಣ ಸಣ್ಣ ಇನ್ಸರ್ಟ್‌ಗಳು ಒಂದೊಂದಾಗಿ ಡೇಟಾಬೇಸ್‌ಗೆ ಹೋಗಿ ಬರಬೇಕಲ್ಲ. ಮಧ್ಯೆ ಕರೆಂಟ್ ಹೋದರಂತೂ ಅರ್ಧ ಲಾಟ್ ಒಳಗೆ, ಅರ್ಧ ಹೊರಗೆ.

ಎಸ್‌ಕ್ಯೂಎಲ್‌ಗೆ 'ಇದನ್ನು ನಾಲ್ಕು ಸಲ ಮಾಡು' ಅಂತ ಕೇಳಿ ಅಭ್ಯಾಸವಿಲ್ಲ. ಅದಕ್ಕೆ ಗೊತ್ತಿರುವುದು ಒಂದು ಟೇಬಲ್‌ನ ಸಾಲುಗಳನ್ನು ಇನ್ನೊಂದು ಟೇಬಲ್‌ನ ಸಾಲುಗಳ ಜೊತೆ ಜೋಡಿಸುವುದು. ಹಾಗಾಗಿ ಅದಕ್ಕೆ ಅರ್ಥವಾಗುವ ಮಾತಲ್ಲೇ ಕೇಳಬೇಕು.

ಅದಕ್ಕೆ ಅರ್ಥವಾಗುವ ಮಾತು ಯಾವುದು?

1, 2, 3, 4 ಅಂತ ಬರೀ ಅಂಕಿಗಳಿರುವ ಒಂದು ಟೇಬಲ್. ಅಷ್ಟೇ. ಇದಕ್ಕೆ ನಾನು 'ಎಣಿಕೆ' ಅಂತ ಹೆಸರಿಟ್ಟಿದ್ದೇನೆ, ಅದರ ಒಂದೇ ಕಾಲಂ 'ನಂ'. ಈಗ ಕ್ವೆರಿ:

ಸೆಲೆಕ್ಟ್ ಲಾಟ್.ಸಂಖ್ಯೆ, ಲಾಟ್.ತಳಿ, ಎಣಿಕೆ.ನಂ
ಫ್ರಮ್ ಲಾಟ್
ಜಾಯಿನ್ ಎಣಿಕೆ ಆನ್ ಎಣಿಕೆ.ನಂ <= ಲಾಟ್.ಬಾಕ್ಸ್

ಜಾಯಿನ್ ಅಂದರೆ ಎರಡು ಕಡೆಯ ಐಡಿ ಸಮ ಇರಬೇಕು ಅಂತಲೇ ನಮಗೆಲ್ಲ ಕಲಿಸಿರುತ್ತಾರೆ. ಇಲ್ಲಿ ಸಮ ಚಿಹ್ನೆ ಇಲ್ಲ, 'ಕಡಿಮೆ ಅಥವಾ ಸಮ' ಇದೆ. ಗುಟ್ಟೆಲ್ಲ ಅಲ್ಲೇ ಇರುವುದು. 101ನೇ ಲಾಟ್‌ನಲ್ಲಿ 4 ಬಾಕ್ಸ್ ಇದೆ. ಎಣಿಕೆ ಟೇಬಲ್‌ನಲ್ಲಿ 4ಕ್ಕಿಂತ ಕಡಿಮೆ ಅಥವಾ 4ಕ್ಕೆ ಸಮ ಇರುವ ಸಾಲುಗಳು ಯಾವುವು? 1, 2, 3, 4. ನಾಲ್ಕು ಜೊತೆ ಸಿಕ್ಕಿತು, ನಾಲ್ಕು ಸಾಲು ಬಂತು. 102ಕ್ಕೆ 1 ಮತ್ತು 2 ಮಾತ್ರ ಸಿಗುತ್ತದೆ, ಎರಡು ಸಾಲು. ಲೂಪ್ ಇಲ್ಲ, ಕರ್ಸರ್ (ಒಂದೊಂದೇ ಸಾಲು ಎತ್ತಿ ನೋಡುವುದು) ಇಲ್ಲ.

ಶೆಡ್‌ನಲ್ಲಿ ಇದನ್ನು ಯಜಮಾನರಿಗೆ ಹೇಳಿದ್ದು ಹೀಗೆ: ಗೋಡೆ ಮೇಲೆ 1ರಿಂದ 100ರವರೆಗೆ ಬರೆದ ಒಂದು ಪಟ್ಟಿ ಇದೆ. ಪ್ರತಿ ರೈತನ ಚೀಟಿ ಹಿಡಿದು ಪಟ್ಟಿಯ ಪಕ್ಕ ನಿಲ್ಲಿಸಿ, ಅವನ ಬಾಕ್ಸ್ ಲೆಕ್ಕ ಮುಗಿಯುವವರೆಗೆ ಒಂದೊಂದು ಅಂಕಿಗೂ ಒಂದೊಂದು ಲೇಬಲ್ ಬರೆಯಿರಿ. "ಇಷ್ಟೇನಾ!" ಅಂದರು. ಇಷ್ಟೇ.

ಇದು ಹಳೆಯ ಮೈಎಸ್‌ಕ್ಯೂಎಲ್‌ನಲ್ಲೂ ನಡೆಯುತ್ತದೆ, ಒರಾಕಲ್‌ನಲ್ಲೂ ನಡೆಯುತ್ತದೆ (ಇವು ಬೇರೆ ಬೇರೆ ಡೇಟಾಬೇಸ್ ಸಾಫ್ಟ್‌ವೇರ್‌ಗಳು). ಕೆಳಗೆ ಬರುವ ಬೇರೆ ದಾರಿಗಳೆಲ್ಲ ಈ ಅಂಕಿಗಳನ್ನು ಟೇಬಲ್‌ನಲ್ಲಿ ಇಡದೆ ನಿಂತಲ್ಲೇ ಹುಟ್ಟಿಸುವ ಉಪಾಯಗಳು. ಒಳಗಿನ ಲೆಕ್ಕ ಇದೇ.

ಎಣಿಕೆ ಟೇಬಲ್ ತುಂಬಿಸುವುದು ಹೇಗೆ? ಎಷ್ಟರವರೆಗೆ?

0ಯಿಂದ 9ರವರೆಗಿನ ಹತ್ತು ಸಾಲು ಮಾಡಿ. ಅದರದೇ ನಾಲ್ಕು ಪ್ರತಿಗಳನ್ನು ಕ್ರಾಸ್ ಜಾಯಿನ್ ಮಾಡಿ, ಅಂದರೆ ಒಂದರ ಪ್ರತಿ ಸಾಲನ್ನೂ ಇನ್ನೊಂದರ ಪ್ರತಿ ಸಾಲಿನ ಜೊತೆ ಜೋಡಿಸಿ. 10 × 10 × 10 × 10, ಅಂದರೆ 10,000 ಸಾಲು. ಮೊದಲನೆಯದು ಬಿಡಿಯ ಸ್ಥಾನ, ಎರಡನೆಯದು ಹತ್ತು, ಮೂರನೆಯದು ನೂರು, ನಾಲ್ಕನೆಯದು ಸಾವಿರ ಅಂತ ಇಟ್ಟುಕೊಂಡು ಕೂಡಿಸಿ, ಕೊನೆಗೆ 1 ಸೇರಿಸಿದರೆ 1ರಿಂದ 10,000 ಸಿಗುತ್ತದೆ. 'ನಂ' ಕಾಲಂ ಅನ್ನು ಪ್ರೈಮರಿ ಕೀ (ಒಂದೇ ಅಂಕಿ ಎರಡು ಸಲ ಬರಲು ಬಿಡದ ಕಾಲಂ) ಮಾಡಿ. ಒಂದು ಸಲ ಮಾಡಿದರೆ ಮುಗಿಯಿತು, ಅದನ್ನು ಮತ್ತೆ ಮುಟ್ಟಬೇಕಾಗಿಲ್ಲ.

ಆದರೆ ಎಷ್ಟರವರೆಗೆ ಅನ್ನುವುದು ಸುಮ್ನೆ ಕೇಳಿದ ಪ್ರಶ್ನೆ ಅಲ್ಲ. ಟೇಬಲ್‌ನಲ್ಲಿ 1000ದವರೆಗೆ ಮಾತ್ರ ಇದ್ದು, ಲಾಟ್‌ನಲ್ಲಿ 1200 ಬಾಕ್ಸ್ ಇದ್ದರೆ? 1000 ಸಾಲು ಬರುತ್ತದೆ. ಎರರ್ ಬರುವುದಿಲ್ಲ, ಎಚ್ಚರಿಕೆಯೂ ಇಲ್ಲ. 200 ಬಾಕ್ಸ್ ಲೇಬಲ್ ಇಲ್ಲದೆ ಲಾರಿ ಹತ್ತುತ್ತವೆ. ಈ ದಾರಿಯಲ್ಲಿರುವ ದೊಡ್ಡ ಗುಂಡಿ ಇದೊಂದೇ. ಅದಕ್ಕೆ ಲೇಬಲ್ ಪ್ರಿಂಟ್ ಮಾಡುವ ಮೊದಲು ನಾನು ಯಾವಾಗಲೂ ಎರಡು ಅಂಕಿ ಹೋಲಿಸುತ್ತೇನೆ: ಮೂಲ ಟೇಬಲ್‌ನಲ್ಲಿ ಬಾಕ್ಸ್‌ಗಳ ಮೊತ್ತ, ಬಂದ ಸಾಲುಗಳ ಎಣಿಕೆ. ಎರಡೂ ಒಂದೇ ಆಗಿಲ್ಲದಿದ್ದರೆ ಪ್ರಿಂಟ್ ಬಟನ್ ತೆರೆಯುವುದೇ ಇಲ್ಲ.

ಪೋಸ್ಟ್‌ಗ್ರೆಸ್ ಬಳಸುತ್ತಿದ್ದೇನೆ. ಅದಕ್ಕೂ ಎಣಿಕೆ ಟೇಬಲ್ ಬೇಕಾ?

ಬೇಡ. ಅದರಲ್ಲಿ ಜನರೇಟ್_ಸೀರೀಸ್ ಅನ್ನುವ ಫಂಕ್ಷನ್ ಇದೆ.

ಸೆಲೆಕ್ಟ್ ಲಾಟ್.ಸಂಖ್ಯೆ, ಲಾಟ್.ತಳಿ, ನಂ
ಫ್ರಮ್ ಲಾಟ್
ಕ್ರಾಸ್ ಜಾಯಿನ್ ಜನರೇಟ್_ಸೀರೀಸ್(1, ಲಾಟ್.ಬಾಕ್ಸ್) ಆಸ್ ನಂ

ಪಕ್ಕದ ಟೇಬಲ್‌ನ ಕಾಲಂ ಅನ್ನು ಫಂಕ್ಷನ್ ಒಳಗೆ ಹಾಕಿದ್ದೇವೆ ನೋಡಿ. ಇದಕ್ಕೆ ಲ್ಯಾಟರಲ್ ಅನ್ನುತ್ತಾರೆ. 2013ರಲ್ಲಿ ಬಂದ 9.3ರಿಂದ ಇದು ಇದೆ. ಫಂಕ್ಷನ್ ಆದ್ದರಿಂದ 'ಲ್ಯಾಟರಲ್' ಅನ್ನುವ ಪದ ಬರೆದರೂ ಸರಿ, ಬಿಟ್ಟರೂ ಸರಿ. ಬಾಕ್ಸ್ 0 ಆದರೆ ಸೊನ್ನೆ ಸಾಲು, ನಲ್ ಆದರೂ ಸೊನ್ನೆ ಸಾಲು. ನನಗೆ ಎಲ್ಲಕ್ಕಿಂತ ಇಷ್ಟ ಇದೇ.

ಎಸ್‌ಕ್ಯೂಎಲ್ ಸರ್ವರ್‌ನಲ್ಲೂ ಜನರೇಟ್_ಸೀರೀಸ್ ಬಂದಿದೆಯಂತಲ್ಲ?

ಮೈಕ್ರೋಸಾಫ್ಟ್‌ನ ಈ ಡೇಟಾಬೇಸ್‌ನ 2022ರ ಆವೃತ್ತಿಯಲ್ಲಿ ಬಂದಿದೆ. ಡೇಟಾಬೇಸ್‌ನ ಕಂಪ್ಯಾಟಿಬಿಲಿಟಿ ಲೆವೆಲ್ 160 ಇರಬೇಕು, ಹಳೆಯ ಡೇಟಾಬೇಸ್ ಅನ್ನು ಹೊಸ ಸರ್ವರ್‌ಗೆ ತಂದಿದ್ದರೆ ಇದನ್ನು ನೋಡಿಕೊಳ್ಳಿ. ಕ್ರಾಸ್ ಜಾಯಿನ್ ಬದಲು ಇಲ್ಲಿ ಕ್ರಾಸ್ ಅಪ್ಲೈ. ಸಿಗುವ ಕಾಲಂ ಹೆಸರು 'ವ್ಯಾಲ್ಯೂ'.

ಹೆಸರು ಒಂದೇ ಅಂತ ಪೋಸ್ಟ್‌ಗ್ರೆಸ್‌ನ ಕ್ವೆರಿಯನ್ನು ಹಾಗೇ ಎತ್ತಿಕೊಂಡು ಬಂದರೆ ಕೈ ಸುಟ್ಟುಕೊಳ್ಳುತ್ತೀರಿ. ನಮ್ಮ 103ನೇ ಲಾಟ್ ನೆನಪಿದೆಯಲ್ಲ, ಬಾಕ್ಸ್ 0? ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಶುರುವಿನ ಅಂಕಿ ಕೊನೆಯ ಅಂಕಿಗಿಂತ ದೊಡ್ಡದಾಗಿದ್ದು, ಹೆಜ್ಜೆ ಎಷ್ಟು ಅಂತ ನಾವು ಹೇಳದಿದ್ದರೆ, ಅದು ತಾನೇ ಹಿಮ್ಮುಖವಾಗಿ ಎಣಿಸುತ್ತದೆ. 1ರಿಂದ 0ಗೆ: 1, 0. ಅಂದರೆ ಬಾರದೇ ಇರುವ ಹಣ್ಣಿಗೆ ಎರಡು ಲೇಬಲ್! ಅದೇ ಪೋಸ್ಟ್‌ಗ್ರೆಸ್‌ನಲ್ಲಿ ಒಂದೂ ಬರುವುದಿಲ್ಲ. ವಾಪಸಾತಿಗೆ -3 ಅಂತ ಹಾಕುವ ಅಭ್ಯಾಸ ಇದ್ದರೆ 1, 0, -1, -2, -3 ಅಂತ ಐದು ಸಾಲು ಬಂದು ಕೂರುತ್ತವೆ.

ಮದ್ದು ಸುಲಭ. ಕೊನೆಯಲ್ಲಿ 'ವೇರ್ ಲಾಟ್.ಬಾಕ್ಸ್ > 0' ಹಾಕಿ, ಇಲ್ಲವೇ ಮೂರನೆಯ ಜಾಗದಲ್ಲಿ ಹೆಜ್ಜೆ 1 ಅಂತ ಬರೆದುಬಿಡಿ. ಎರಡನ್ನೂ ಹಾಕಿದರೂ ನಷ್ಟವಿಲ್ಲ. ಸ್ಪಾರ್ಕ್ ಅನ್ನುವ ಡೇಟಾ ಸಾಫ್ಟ್‌ವೇರ್‌ನ ಸೀಕ್ವೆನ್ಸ್ ಫಂಕ್ಷನ್‌ಗೂ ಇದೇ ಚಾಳಿ ಇದೆ.

ಇನ್ನೊಂದು ಚಿಕ್ಕ ಕಿರಿಕಿರಿ. ಶುರು, ಕೊನೆ ಎರಡೂ ಒಂದೇ ಡೇಟಾ ಟೈಪ್ ಇರಬೇಕು. ಬಾಕ್ಸ್ ಕಾಲಂ ಬಿಗ್‌ಇಂಟ್ (ದೊಡ್ಡ ಪೂರ್ಣಾಂಕದ ಟೈಪ್) ಆಗಿದ್ದು ನೀವು ಬರೀ 1 ಅಂತ ಬರೆದರೆ ಎರರ್. 1 ಅನ್ನೂ ಬಿಗ್‌ಇಂಟ್‌ಗೆ ಕಾಸ್ಟ್ ಮಾಡಿ, ಅಂದರೆ ಆ ಟೈಪ್‌ಗೆ ಬದಲಿಸಿ.

2022 ಇಲ್ಲ, ಹಳೆಯ ಎಸ್‌ಕ್ಯೂಎಲ್ ಸರ್ವರ್, ಇಲ್ಲವೇ ಮೈಎಸ್‌ಕ್ಯೂಎಲ್ ಇದೆ. ಏನು ಮಾಡಲಿ?

ರಿಕರ್ಸಿವ್ ಸಿಟಿಇ. ಅಂದರೆ ತನ್ನನ್ನು ತಾನೇ ಕರೆದುಕೊಳ್ಳುವ ಕ್ವೆರಿ.

ವಿತ್ ರಿಕರ್ಸಿವ್ ಚೀಟಿ ಆಸ್ (
  ಸೆಲೆಕ್ಟ್ ಸಂಖ್ಯೆ, ತಳಿ, ಬಾಕ್ಸ್, 1 ಆಸ್ ನಂ
  ಫ್ರಮ್ ಲಾಟ್ ವೇರ್ ಬಾಕ್ಸ್ >= 1
  ಯೂನಿಯನ್ ಆಲ್
  ಸೆಲೆಕ್ಟ್ ಸಂಖ್ಯೆ, ತಳಿ, ಬಾಕ್ಸ್, ನಂ + 1
  ಫ್ರಮ್ ಚೀಟಿ ವೇರ್ ನಂ < ಬಾಕ್ಸ್
)
ಸೆಲೆಕ್ಟ್ * ಫ್ರಮ್ ಚೀಟಿ

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 'ರಿಕರ್ಸಿವ್' ಅನ್ನುವ ಪದ ಬಿಟ್ಟು ಬರೀ 'ವಿತ್' ಬರೆಯಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಇದು 8.0ಯಿಂದ ಮಾತ್ರ. 5.7 ಇದ್ದರೆ ವಾಪಸ್ ಎಣಿಕೆ ಟೇಬಲ್‌ಗೇ ಹೋಗಿ, ನಾಚಿಕೆ ಪಡುವಂಥದ್ದೇನಿಲ್ಲ.

ಮೊದಲ ಭಾಗದ 'ವೇರ್ ಬಾಕ್ಸ್ >= 1' ಮರೆಯಬೇಡಿ. ಮರೆತರೆ 0 ಬಾಕ್ಸ್ ಲಾಟ್‌ಗೂ, ನಲ್ ಲಾಟ್‌ಗೂ ಒಂದೊಂದು ಸಾಲು ಬರುತ್ತದೆ. ಏಕೆಂದರೆ ಮೊದಲ ಸಾಲನ್ನು ಯಾರೂ ಪರೀಕ್ಷೆ ಮಾಡಿಲ್ಲ.

ಮಿತಿಗಳೂ ಇವೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಡೀಫಾಲ್ಟ್ ಆಗಿ 100 ಸುತ್ತು. ಅದಕ್ಕಿಂತ ಜಾಸ್ತಿ ಬೇಕಾದರೆ ಕ್ವೆರಿ ಕೊನೆಗೆ ಮ್ಯಾಕ್ಸ್‌ರಿಕರ್ಷನ್ ಆಪ್ಷನ್ ಕೊಡಬೇಕು. 32,767ರವರೆಗೆ ಕೊಡಬಹುದು, 0 ಕೊಟ್ಟರೆ ಮಿತಿಯೇ ಇಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಡೀಫಾಲ್ಟ್ 1000. ಪರೀಕ್ಷೆ ಮಾಡುವಾಗ ನಾವೆಲ್ಲ 4 ಬಾಕ್ಸ್, 10 ಬಾಕ್ಸ್ ಅಂತ ಹಾಕಿ ನೋಡುತ್ತೇವೆ, ಸರಿಯಾಗೇ ಬರುತ್ತದೆ. ಸೀಸನ್ ಮಧ್ಯದಲ್ಲಿ 250 ಬಾಕ್ಸ್ ಲಾಟ್ ಬಂದ ದಿನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಎಲ್ಲ ನಿಲ್ಲುತ್ತದೆ, ಅದೂ ಲಾರಿ ಬಾಗಿಲಲ್ಲಿ ನಿಂತಿರುವಾಗ. ಆದರೆ ಒಂದು ಸಮಾಧಾನ: ಇಲ್ಲಿ ಎರರ್ ಆದರೂ ಬರುತ್ತದೆ, ಎಣಿಕೆ ಟೇಬಲ್ ತರಹ ಸದ್ದಿಲ್ಲದೆ ನುಂಗುವುದಿಲ್ಲ.

ಒರಾಕಲ್‌ನಲ್ಲಿ ಕನೆಕ್ಟ್ ಬೈ ಹಾಕಿದೆ. ಆರು ಸಾಲು ಬರಬೇಕಿತ್ತು, ಹದಿನಾಲ್ಕು ಬಂತು. ಯಾಕೆ?

ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ. ಕನೆಕ್ಟ್ ಬೈ ಅಂದರೆ ಒಂದು ಸಾಲಿನ ಕೆಳಗೆ ಇನ್ನೊಂದನ್ನು ಮಗುವಿನ ಹಾಗೆ ಮಟ್ಟ ಮಟ್ಟವಾಗಿ ಜೋಡಿಸುವ ಆಜ್ಞೆ, ಲೆವೆಲ್ ಅಂದರೆ ಆ ಮಟ್ಟ. 'ಕನೆಕ್ಟ್ ಬೈ ಲೆವೆಲ್ <= ಬಾಕ್ಸ್' ಅನ್ನುವುದು ಟೇಬಲ್‌ನಲ್ಲಿ ಒಂದೇ ಸಾಲು ಇರುವಾಗ ಸರಿ. ಎರಡು ಲಾಟ್ ಇದ್ದು, ಎರಡರಲ್ಲೂ 3 ಬಾಕ್ಸ್ ಅಂದುಕೊಳ್ಳಿ. ಮೊದಲ ಮಟ್ಟದಲ್ಲಿ 2 ಸಾಲು. ಎರಡನೇ ಮಟ್ಟದಲ್ಲಿ ಪ್ರತಿ ಸಾಲಿಗೂ ಎರಡೂ ಲಾಟ್ ಮಕ್ಕಳಾಗುತ್ತವೆ, ತನ್ನದು ಯಾವುದು ಅಂತ ನಾವು ಹೇಳಿಲ್ಲವಲ್ಲ. 4 ಆಯಿತು. ಮೂರನೆಯದರಲ್ಲಿ 8. ಒಟ್ಟು 14. ಲಾಟ್ ಜಾಸ್ತಿ ಇದ್ದರೆ ಇದು ಕಾಡುಗಿಡದ ಹಾಗೆ ಬೆಳೆದು ಸರ್ವರ್ ಅನ್ನೇ ಮಲಗಿಸುತ್ತದೆ. ಕೆಲವರು ಇದಕ್ಕೆ ಡಿಸ್ಟಿಂಕ್ಟ್ (ಒಂದೇ ತರಹದ ಸಾಲುಗಳನ್ನು ತೆಗೆದುಹಾಕುವ ಪದ) ಹಾಕಿ ಸರಿಮಾಡಿದೆವು ಅನ್ನುತ್ತಾರೆ. ಅದು ಕಸ ಗುಡಿಸಿ ಚಾಪೆ ಕೆಳಗೆ ಹಾಕಿದ ಹಾಗೆ, ಕೆಲಸವೆಲ್ಲ ಒಳಗೆ ನಡೆದೇ ಇರುತ್ತದೆ.

ಒರಾಕಲ್ 12ಸಿ ಅಥವಾ ಅದಕ್ಕಿಂತ ಹೊಸದಿದ್ದರೆ ಕ್ರಾಸ್ ಅಪ್ಲೈ ಒಳಗೆ 'ಸೆಲೆಕ್ಟ್ ಲೆವೆಲ್ ಫ್ರಮ್ ಡ್ಯುಯಲ್ ಕನೆಕ್ಟ್ ಬೈ ಲೆವೆಲ್ <= ಲಾಟ್.ಬಾಕ್ಸ್' ಅಂತ ಇಡಿ. ಡ್ಯುಯಲ್ ಅನ್ನುವುದು ಒರಾಕಲ್‌ನಲ್ಲೇ ಇರುವ ಟೇಬಲ್, ಅದರಲ್ಲಿ ಒಂದೇ ಸಾಲು, ಹಾಗಾಗಿ ಮರಿ ಹಾಕುವ ಗೊಡವೆ ಇಲ್ಲ. ಆದರೆ ಡ್ಯುಯಲ್‌ನ ಆ ಮೊದಲ ಸಾಲು 0 ಬಾಕ್ಸ್ ಇದ್ದರೂ ಬರುತ್ತದೆ, ಅದಕ್ಕೆ ಹೊರಗೆ 'ಬಾಕ್ಸ್ > 0' ಇಲ್ಲೂ ಬೇಕು.

ಎಸ್‌ಕ್ಯೂಲೈಟ್, ಮರಿಯಾಡಿಬಿ, ಬಿಗ್‌ಕ್ವೆರಿ?

ಎಸ್‌ಕ್ಯೂಲೈಟ್‌ನಲ್ಲಿ 2014ರ 3.8.3ರಿಂದ ರಿಕರ್ಸಿವ್ ಸಿಟಿಇ ಇದೆ, ಮೇಲಿನದೇ ಹಾಕಿ. ಮರಿಯಾಡಿಬಿಯಲ್ಲಿ ಸೀಕ್ವೆನ್ಸ್ ಎಂಜಿನ್ ಇದೆ, 'ಸೆಕ್_1_ಟು_1000' ಅಂತ ಟೇಬಲ್ ಹೆಸರು ಬರೆದರೆ ಸಾಕು, ಅದೇ ಎಣಿಕೆ ಟೇಬಲ್. ಬಿಗ್‌ಕ್ವೆರಿಯಲ್ಲಿ ಜನರೇಟ್_ಅರೇ ಮಾಡಿ ಅನ್‌ನೆಸ್ಟ್ ಮಾಡಿ.

0, ನಲ್, ಎರಡೂವರೆ – ಇವುಗಳಿಗೆ ಏನು ಮಾಡಬೇಕು?

ಇದಕ್ಕೆ ಎಸ್‌ಕ್ಯೂಎಲ್ ಉತ್ತರ ಕೊಡುವುದಿಲ್ಲ, ಶೆಡ್ ಕೊಡಬೇಕು. ಮಾಮೂಲಿ ಜಾಯಿನ್‌ನಲ್ಲಿ 0 ಲಾಟ್ ಮಾಯವಾಗುತ್ತದೆ. ನಲ್ ಕೂಡ ಮಾಯ. ನಲ್ ಜೊತೆ ಏನನ್ನೇ ಹೋಲಿಸಿದರೂ ಉತ್ತರ 'ಗೊತ್ತಿಲ್ಲ', ಗೊತ್ತಿಲ್ಲ ಅಂದರೆ ಜಾಯಿನ್ ಒಳಗೆ ಬಿಡುವುದಿಲ್ಲ. ಲೇಬಲ್‌ಗೆ ಇದು ಸರಿ. ಆದರೆ ಅದೇ ಕ್ವೆರಿಯಿಂದ 'ಇವತ್ತಿನ ಲಾಟ್‌ಗಳು' ಅಂತ ಪಟ್ಟಿ ತೆಗೆದರೆ 103, 104 ಇರುವುದೇ ಇಲ್ಲ. ರೈತ ಬಂದು ನನ್ನ ಹೆಸರು ಎಲ್ಲಿ ಅಂತ ಕೇಳುತ್ತಾನೆ. ಅಂಥ ಕಡೆ ಲೆಫ್ಟ್ ಜಾಯಿನ್ ಹಾಕಿ, ಆಗ ಅವು ಖಾಲಿ 'ನಂ' ಜೊತೆ ಒಂದೊಂದು ಸಾಲಾಗಿ ಉಳಿಯುತ್ತವೆ.

ಎರಡೂವರೆ ಅಂದರೆ, ನಂ <= 2.5 ಅನ್ನುವುದಕ್ಕೆ 1 ಮತ್ತು 2 ಮಾತ್ರ ಸಿಗುತ್ತದೆ. ಅರ್ಧ ಬಾಕ್ಸ್‌ಗೂ ಲೇಬಲ್ ಬೇಕಲ್ವಾ? ಹಾಗಿದ್ದರೆ ಸೀಲಿಂಗ್ ಫಂಕ್ಷನ್‌ನಿಂದ ಮೇಲಕ್ಕೆ ಏರಿಸಿ 3 ಮಾಡಿ. ಅದಕ್ಕಿಂತ ಒಳ್ಳೆಯದು, ಕಾಲಂ ಅನ್ನೇ ಪೂರ್ಣಾಂಕ ಮಾಡಿ.

ಲೇಬಲ್ ಮೇಲೆ '3/40' ಅಂತ ಬರಬೇಕು.

ನಂ ಕಾಲಂ ಇದೆಯಲ್ಲ, ಅದೇ 3. ಬಾಕ್ಸ್ ಕಾಲಂ 40. ಎರಡನ್ನೂ ಸೇರಿಸಿ ಬರೆದರೆ ಆಯಿತು. ಎಷ್ಟೋ ಜನ ಸಾಲು ಹೆಚ್ಚಿಸಿದ ಮೇಲೆ ನಂ ಅನ್ನು ಬಿಸಾಡುತ್ತಾರೆ. ಬಿಸಾಡಬೇಡಿ. ಸಾಲು ಹೆಚ್ಚಾದದ್ದಕ್ಕಿಂತ ಆ ನಂಬರ್ ಸಿಕ್ಕಿದ್ದೇ ದೊಡ್ಡ ಲಾಭ. ಅದಿಲ್ಲದಿದ್ದರೆ ನಾಲ್ಕು ಸಾಲೂ ಅಪ್ಪಟ ಅವಳಿ, ಯಾವ ಬಾಕ್ಸ್ ಕಳೆದುಹೋಯಿತು ಅಂತ ಹೇಳಲು ಆಗುವುದಿಲ್ಲ. ಕೋಲಾರದ ಎಪಿಎಂಸಿಯಲ್ಲಿ 2023ರ ಜುಲೈನಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2000 ರೂಪಾಯಿ ದಾಟಿದಾಗ ಒಂದೊಂದು ಬಾಕ್ಸ್‌ನ ಲೆಕ್ಕವೂ ಎಲ್ಲರಿಗೂ ನೆನಪಿತ್ತು. ದರ ಬಿದ್ದ ಮೇಲೆ ಯಾರೂ ಎಣಿಸುವುದಿಲ್ಲ, ಅದು ಬೇರೆ ಮಾತು.

ಎಲ್ಲ ಲಾಟ್ ಸೇರಿ ದಿನಕ್ಕೆ ಒಂದೇ ಸರಣಿ ನಂಬರ್ ಬೇಕೆಂದರೆ ರೋ_ನಂಬರ್ (ಸಾಲುಗಳಿಗೆ ಕ್ರಮವಾಗಿ ನಂಬರ್ ಕೊಡುವ ಫಂಕ್ಷನ್) ಬಳಸಬಹುದು. ಅಥವಾ ಸಾಲು ಹೆಚ್ಚಿಸುವ ಮೊದಲೇ ಲಾಟ್ ಟೇಬಲ್‌ನಲ್ಲಿ ಬಾಕ್ಸ್‌ಗಳ ಓಡುವ ಮೊತ್ತ (ಈ ಲಾಟ್‌ವರೆಗಿನ ಮೊತ್ತ) ತೆಗೆದು, ಅದರಲ್ಲಿ ಈ ಲಾಟ್‌ನ ಬಾಕ್ಸ್ ಕಳೆದು, ನಂ ಕೂಡಿಸಿ. 101ಕ್ಕೆ ಮೊತ್ತ 4, ಕಳೆದರೆ 0, ಅಲ್ಲಿಂದ 1, 2, 3, 4. 102ಕ್ಕೆ ಮೊತ್ತ 6, ಎರಡು ಕಳೆದರೆ 4, ಅಲ್ಲಿಂದ 5, 6.

ಬಾಕ್ಸ್ ಲೆಕ್ಕ ಇಲ್ಲ, ಹಣ್ಣಿನ ಲೆಕ್ಕ ಇದೆ. 100 ಹಣ್ಣು, ಬಾಕ್ಸ್‌ಗೆ 24. ಆಗ?

ಐದು ಬಾಕ್ಸ್ ಬೇಕು, ಕೊನೆಯದರಲ್ಲಿ 4 ಹಣ್ಣು. ಬಾಕ್ಸ್ ಎಷ್ಟು ಅಂತ ತೆಗೆಯಲು ಭಾಗಿಸಿ ಮೇಲಕ್ಕೆ ಏರಿಸಬೇಕು. ಇಲ್ಲೇ ಎಡವುವುದು. ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಎರಡು ಪೂರ್ಣಾಂಕ ಭಾಗಿಸಿದರೆ ಉತ್ತರವೂ ಪೂರ್ಣಾಂಕ, 100/24 ಅಂದರೆ 4. ಆಮೇಲೆ ಸೀಲಿಂಗ್ ಹಾಕಿದರೂ 4ರ ಸೀಲಿಂಗ್ 4. ಐದನೇ ಬಾಕ್ಸ್ ಹೋಯಿತು. 24.0 ಅಂತ ಬರೆಯಿರಿ, ಇಲ್ಲವೇ (100 + 23) / 24 ಮಾಡಿ, 5 ಬರುತ್ತದೆ. ಮೈಎಸ್‌ಕ್ಯೂಎಲ್ ಮತ್ತು ಒರಾಕಲ್ ದಶಮಾಂಶವನ್ನೇ ಕೊಡುವುದರಿಂದ ಅಲ್ಲಿ ನೇರವಾಗಿ ಸೀಲಿಂಗ್ ಸಾಕು.

ಪ್ರತಿ ಬಾಕ್ಸ್‌ನಲ್ಲಿ ಎಷ್ಟು ಹಣ್ಣು? 24 ಮತ್ತು 100 - (ನಂ - 1) × 24, ಇವೆರಡರಲ್ಲಿ ಚಿಕ್ಕದು. ಐದನೆಯದಕ್ಕೆ 100 - 96, ಅಂದರೆ 4.

ಲಾಟ್‌ನ ಬಾಡಿಗೆ 1000 ರೂಪಾಯಿ, 3 ಬಾಕ್ಸ್‌ಗೆ ಹಂಚಿದರೆ ಒಂದು ಪೈಸೆ ಕಮ್ಮಿ ಬರುತ್ತೆ.

333.33 ಮೂರು ಸಲ ಅಂದರೆ 999.99. ಒಂದು ಪೈಸೆ ತಾನೇ ಅಂತ ಬಿಟ್ಟರೆ ಲೆಕ್ಕದವರು ಬಿಡುವುದಿಲ್ಲ. ಪೈಸೆಯಲ್ಲಿ ಲೆಕ್ಕ ಹಾಕಿ. ಒಟ್ಟು 1,00,000 ಪೈಸೆ. ಪ್ರತಿ ಸಾಲಿಗೆ 'ಇಲ್ಲಿಯವರೆಗೆ ಎಷ್ಟು' ಅನ್ನುವುದರಲ್ಲಿ 'ಹಿಂದಿನ ಸಾಲಿನವರೆಗೆ ಎಷ್ಟು' ಅನ್ನುವುದನ್ನು ಕಳೆಯಿರಿ (ಫ್ಲೋರ್ ಅಂದರೆ ದಶಮಾಂಶ ಬಿಟ್ಟು ಕೆಳಗಿನ ಪೂರ್ಣಾಂಕ):

ಫ್ಲೋರ್(ಒಟ್ಟು * ನಂ / ಬಾಕ್ಸ್) - ಫ್ಲೋರ್(ಒಟ್ಟು * (ನಂ - 1) / ಬಾಕ್ಸ್)

ಇಲ್ಲಿಯವರೆಗೆ ಅಂತ ಬರುವುದು 33,333, ನಂತರ 66,666, ಕೊನೆಗೆ 1,00,000. ಕಳೆದರೆ 33,333, 33,333, 33,334. ಮೊತ್ತ ಸರಿ. ನಂ ಇಟ್ಟುಕೊಳ್ಳಿ ಅಂದಿದ್ದು ಇದಕ್ಕೂ ಹೌದು.

ಸಾಲು ಹೆಚ್ಚಿಸಿದ ಮೇಲೆ ರಿಪೋರ್ಟ್‌ನ ಮೊತ್ತ ವಿಪರೀತ ಬರುತ್ತಿದೆ.

ಬಾಕ್ಸ್ ಕಾಲಂ ಅನ್ನೇ ಸಮ್ ಮಾಡಿದ್ದೀರಿ. 40 ಬಾಕ್ಸ್‌ನ ಲಾಟ್ 40 ಸಾಲಾಗಿದೆ, ಪ್ರತಿ ಸಾಲಿನಲ್ಲೂ 40 ಅಂತಲೇ ಇದೆ. ಕೂಡಿಸಿದರೆ 1600. ಒಂದು ಸೀಸನ್ ಕೊನೆಗೆ ನಾನೇ ಇಂಥ ರಿಪೋರ್ಟ್ ಪ್ರಿಂಟ್ ಮಾಡಿ ಕೊಟ್ಟಿದ್ದೆ. ಯಜಮಾನರು ಕನ್ನಡಕ ಏರಿಸಿ ನೋಡಿದರು. "ಇಷ್ಟು ಹಣ್ಣು ನಮ್ಮ ತಾಲ್ಲೂಕಲ್ಲೇ ಬಿಟ್ಟಿಲ್ವಲ್ಲಪ್ಪಾ." ಹೆಚ್ಚಿಸಿದ ಸಾಲುಗಳ ಮೇಲೆ ಸಮ್ ಬೇಡ, ಕೌಂಟ್ ಮಾಡಿ. ಹಣದ ಕಾಲಂಗಳಿದ್ದರೆ ಮೂಲ ಟೇಬಲ್‌ನಿಂದಲೇ ಕೂಡಿಸಿ. ಲೇಬಲ್‌ನ ಕ್ವೆರಿ ಲೇಬಲ್‌ಗೆ, ಲೆಕ್ಕದ ಕ್ವೆರಿ ಲೆಕ್ಕಕ್ಕೆ.

ಹೀಗೆ ಬಂದ ಸಾಲುಗಳನ್ನು ಒಂದು ಟೇಬಲ್‌ನಲ್ಲಿ ಉಳಿಸಿಡಬೇಕಾ?

ಒಂದೊಂದು ಬಾಕ್ಸ್‌ಗೂ ತನ್ನದೇ ಕಥೆ ಇದೆಯಾ ಅಂತ ಕೇಳಿಕೊಳ್ಳಿ. ಬಾರ್‌ಕೋಡ್ ಸ್ಕ್ಯಾನ್ ಆಗುತ್ತದೆ, ಒಂದು ಬಾಕ್ಸ್ ಇವತ್ತು ಬೆಂಗಳೂರಿಗೆ ಹೋಗುತ್ತದೆ, ಇನ್ನೊಂದು ನಾಳೆ ಚೆನ್ನೈಗೆ, ಮತ್ತೊಂದು ಕೊಳೆತು ವಾಪಸ್ ಬರುತ್ತದೆ ಅಂದರೆ ಉಳಿಸಿಡಿ. ಅದು ನಿಜವಾದ ಡೇಟಾ. ಬರೀ ಪ್ರಿಂಟ್ ಮಾಡಲು ಬೇಕಿದ್ದರೆ ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ, ಸಾಲುಗಳನ್ನು ಇಟ್ಟುಕೊಳ್ಳುವುದಿಲ್ಲ) ಸಾಕು.

ನಾನು ವ್ಯೂ ಸಾಕಾಗುವ ಕಡೆ ಟೇಬಲ್ ಮಾಡಿ ಪಾಡು ಪಟ್ಟಿದ್ದೇನೆ. ಬೆಳಿಗ್ಗೆ 40 ಅಂತ ಬರೆದ ಲಾಟ್ ಅನ್ನು ಗ್ರೇಡಿಂಗ್ ಆದ ಮೇಲೆ 38 ಅಂತ ತಿದ್ದಿದರು. ಲಾಟ್ ಟೇಬಲ್‌ನಲ್ಲಿ 38, ನನ್ನ ಬಾಕ್ಸ್ ಟೇಬಲ್‌ನಲ್ಲಿ 40. ಇಲ್ಲದ ಎರಡು ಬಾಕ್ಸ್ ಸಂಜೆವರೆಗೂ 'ಲೋಡ್ ಆಗಿಲ್ಲ' ಪಟ್ಟಿಯಲ್ಲಿ ಕೂತಿದ್ದವು. ಹುಡುಗರು ಶೆಡ್‌ನ ಮೂಲೆ ಮೂಲೆ ಹುಡುಕಿದರು. ಉಳಿಸಿಡುವುದಾದರೆ ಲಾಟ್ ಸಂಖ್ಯೆ ಮತ್ತು ನಂ ಎರಡೂ ಸೇರಿ ಪ್ರೈಮರಿ ಕೀ ಮಾಡಿ, ಆಗ ಬಟನ್ ಎರಡು ಸಲ ಒತ್ತಿದರೂ ಸಾಲು ಎರಡೆರಡು ಆಗುವುದಿಲ್ಲ. ಬಾಕ್ಸ್ ಟೇಬಲ್‌ಗೆ ಹೋದ ಮೇಲೆ ಲಾಟ್‌ನ ಬಾಕ್ಸ್ ಲೆಕ್ಕ ತಿದ್ದಲು ಬಿಡಬೇಡಿ.

ಕ್ವೆರಿ ಮುಗಿಯುತ್ತಲೇ ಇಲ್ಲ, ಡಿಸ್ಕ್ ತುಂಬಿಹೋಯಿತು.

ಬಾಕ್ಸ್ ಕಾಲಂನಲ್ಲಿ ಅತಿ ದೊಡ್ಡ ಅಂಕಿ ಯಾವುದು ನೋಡಿ. ಹತ್ತರಲ್ಲಿ ಒಂಬತ್ತು ಸಲ ಯಾರೋ ಬಾಕ್ಸ್ ಜಾಗದಲ್ಲಿ ಫೋನ್ ನಂಬರ್ ಹಾಕಿರುತ್ತಾರೆ. ಮಾಮೂಲಿ ಟೇಬಲ್‌ನಲ್ಲಿ ಅದು ಒಂದು ತಪ್ಪು ಅಂಕಿ ಅಷ್ಟೇ. ಜನರೇಟ್_ಸೀರೀಸ್ ಕೈಗೆ ಸಿಕ್ಕಿದರೆ ಅದು ನೂರಾರು ಕೋಟಿ ಸಾಲು. ಚೆಕ್ ಕನ್‌ಸ್ಟ್ರೇಂಟ್ ಹಾಕಿ, ಬಾಕ್ಸ್ 0 ಮತ್ತು 2000ದ ನಡುವೆ ಅಂತ. ಮೈಎಸ್‌ಕ್ಯೂಎಲ್‌ನಲ್ಲಿ 8.0.16ಕ್ಕಿಂತ ಹಳೆಯದಿದ್ದರೆ ಚೆಕ್ ಬರೆದರೂ ಅದು ಓದಿ ಮರೆತುಬಿಡುತ್ತದೆ, ಕೆಲಸ ಮಾಡುವುದಿಲ್ಲ.

ಅಂಕಿಗಳು ಸರಿಯಿದ್ದೂ ನಿಧಾನ ಅಂದರೆ, ರಿಕರ್ಸಿವ್ ಬಿಟ್ಟು ಎಣಿಕೆ ಟೇಬಲ್ ಹಾಕಿ ನೋಡಿ. ರಿಕರ್ಸಿವ್ ಅನ್ನುವುದು ಹೆಸರು ಬದಲಿಸಿಕೊಂಡ ಲೂಪ್.

ಎಲ್ಲ ಲೇಬಲ್ ಒಂದೇ ತರಹ ಇದ್ದರೆ?

ಹಾಗಾದರೆ ಇದ್ಯಾವುದೂ ಬೇಡ. ಪ್ರಿಂಟರ್‌ಗೆ 40 ಕಾಪಿ ಅಂತ ಹೇಳಿ.

ಹೆಚ್ಚಿಸಿದ ಸಾಲುಗಳನ್ನು ವಾಪಸ್ ಒಂದಾಗಿಸುವುದು?

ಲಾಟ್ ಸಂಖ್ಯೆ ಮೇಲೆ ಗ್ರೂಪ್ ಬೈ, ಕೌಂಟ್. ಬಂದ ಎಣಿಕೆ ಮೂಲದ ಬಾಕ್ಸ್‌ಗೆ ಸಮ ಇರಬೇಕು. 103, 104 ಮಾತ್ರ ಹೀಗೆ ವಾಪಸ್ ಬರುವುದಿಲ್ಲ, ಅವು ದಾರಿಯಲ್ಲೇ ಉದುರಿವೆ.

ಲೇಬಲ್‌ಗಳು ಕಲಸಿಕೊಂಡು ಬರುತ್ತವೆ.

ಆರ್ಡರ್ ಬೈ ಹಾಕಿಲ್ಲ. ಅದಿಲ್ಲದಿದ್ದರೆ ಡೇಟಾಬೇಸ್ ತನಗೆ ತೋಚಿದ ಕ್ರಮದಲ್ಲಿ ಕೊಡುತ್ತದೆ. ಎಣಿಕೆ ಟೇಬಲ್ ಕಡೆಯಿಂದ ಜೋಡಿಸಲು ಶುರು ಮಾಡಿದರೆ ಎಲ್ಲ ಲಾಟ್‌ಗಳ 1ನೇ ಬಾಕ್ಸ್ ಮೊದಲು, ಆಮೇಲೆ ಎಲ್ಲದರ 2ನೇ ಬಾಕ್ಸ್, ಹೀಗೆ ಬರುತ್ತದೆ. ಶೆಡ್‌ನಲ್ಲಿ ಒಬ್ಬರು ಕೂತು ಇಸ್ಪೀಟ್ ಎಲೆ ಜೋಡಿಸಿದ ಹಾಗೆ ಜೋಡಿಸಬೇಕಾಗುತ್ತದೆ. 'ಆರ್ಡರ್ ಬೈ ಲಾಟ್.ಸಂಖ್ಯೆ, ನಂ' ಅಂತ ಹಾಕಿ.

ನಮ್ಮ ಶೆಡ್‌ನಲ್ಲಿ ಈಗ ಎರಡಕ್ಕೂ ಡಿಸೆಂಡಿಂಗ್ (ದೊಡ್ಡದರಿಂದ ಚಿಕ್ಕದಕ್ಕೆ) ಇದೆ. ರೋಲ್ ಪ್ರಿಂಟರ್ ಕೆಟ್ಟ ಮೇಲೆ ಎ4 ಹಾಳೆಯ ಮೇಲೆ, ಹಾಳೆಗೊಂದು ದೊಡ್ಡ ಚೀಟಿ ಹೊಡೆಯುತ್ತಿದ್ದೇವೆ. ಹಾಳೆ ಮುಖ ಮೇಲಾಗಿ ಒಂದರ ಮೇಲೊಂದು ಬೀಳುತ್ತದೆ, ಕೊನೆಗೆ ಬಂದದ್ದೇ ಮೇಲಿರುತ್ತದೆ. "ಒಂದನೇ ನಂಬರ್ ಮೇಲಿರೋ ಹಂಗೆ ಮಾಡಪ್ಪಾ, ತಿರುಗಿಸಿ ತಿರುಗಿಸಿ ಸಾಕಾಯ್ತು" ಅಂದರು ಯಜಮಾನರು. ಎರಡು ಪದ ಸೇರಿಸಿದೆ, ಒಂದನೇ ನಂಬರ್ ಮೇಲೆ ಬಂತು.